ಇಪ್ಪತ್ತು ಜನರ ಕೆಲಸ

೧೯೯೮ರ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಬಂಟ್ವಾಳಕ್ಕೆ ಸಹಾಯಕ ಇಂಜಿನಿಯರನಾಗಿ ವರ್ಗವಾಗಿ ಬಂದೆ. ಕೆರೆಯ ಹೂಳೆತ್ತುವುದು, ಕಾಲುವೆಯ ದುರಸ್ತಿ, ಕಿಂಡಿ ಅಣೆಕಟ್ಟು, ಹೀಗೆ ನೀರಾವರಿಯ ಸಣ್ಣಪುಟ್ಟ ಕೆಲಸಗಳೆಲ್ಲ ನನ್ನ ಪಾಲಿಗೆ. ಬೆಳ್ತಂಗಡಿ ಮತ್ತು ಮೂಡುಬಿದಿರೆ ಕಡೆಯ ಕೆಲವು ತೊರೆಗಳೂ ನನ್ನ ವ್ಯಾಪ್ತಿಯಲ್ಲೇ ಇದ್ದವು. ಮುಂದೆ ದೊಡ್ಡ ಕಾಮಗಾರಿಗಳನ್ನೂ ಮಾಡಿಸಿದೆ. ಆದರೂ ಮೂವತ್ತಮೂರು ವರ್ಷಗಳ ನೌಕರಿಯಲ್ಲಿ ನಿದ್ದೆ ಕೆಡಿಸುವುದು ಶಿರ್ತಾಡಿಯಿಂದ ಒಳಗೆ, ಹೆಚ್ಚು ಜನ ನೋಡಿರದ ಒಂದು ತೊರೆಗೆ ಕಟ್ಟಿದ ಐದು ಕಿಂಡಿಗಳ ಅಣೆಕಟ್ಟು ಮಾತ್ರ.

ಕಿಂಡಿ ಅಣೆಕಟ್ಟು ಎಂದರೇನೆಂದು ಘಟ್ಟದ ಮೇಲಿನವರಿಗೆ ಸ್ವಲ್ಪ ಹೇಳಬೇಕು. ತೊರೆಗೆ ಅಡ್ಡವಾಗಿ ಕಾಂಕ್ರೀಟಿನ ಕಂಬಗಳು ನಿಂತಿರುತ್ತವೆ. ಮಳೆಗಾಲದಲ್ಲಿ ಅವುಗಳ ನಡುವಿನ ಕಿಂಡಿಗಳಲ್ಲಿ ನೆರೆ ಸರಾಗವಾಗಿ ಹರಿದುಹೋಗುತ್ತದೆ. ಮಳೆ ನಿಂತು ಹರಿವು ತಗ್ಗಿದ ಮೇಲೆ ಪ್ರತಿ ಕಿಂಡಿಗೂ ಎರಡು ಸಾಲು ಮರದ ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ಮುಚ್ಚುತ್ತಾರೆ. ನಿಂತ ನೀರು ನೆಲಕ್ಕೆ ಇಂಗಿ ಸುತ್ತಲಿನ ಬಾವಿಗಳು ಬೇಸಗೆಯಲ್ಲೂ ಬತ್ತದೆ ಉಳಿಯುತ್ತವೆ. ಮುಂಗಾರಿಗೆ ಮೊದಲು ಹಲಗೆಗಳನ್ನು ತೆಗೆದು ಒಣ ಜಾಗದಲ್ಲಿ ಇಡಬೇಕು. ಇಷ್ಟೇ ಅದರ ತಂತ್ರ. ಡಿಸೆಂಬರಿನೊಳಗೆ ಮುಚ್ಚದಿದ್ದರೆ ಮಾತ್ರ ಹಿಡಿಯಲು ನೀರೇ ಉಳಿಯುವುದಿಲ್ಲ.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ಜನವರಿ ಅರ್ಧ ಕಳೆದಿತ್ತು. ಕಿಂಡಿಗಳೆಲ್ಲ ಖಾಲಿ. ಹಲಗೆಗಳು ದಂಡೆಯ ಶೆಡ್ಡಿನಲ್ಲಿ ಗೆದ್ದಲು ಹಿಡಿದು ಬಿದ್ದಿದ್ದವು. ನೀರು ಬಳಕೆದಾರರ ಸಂಘದ ಅಧ್ಯಕ್ಷರಾದ ವಾಸು ಮಾಷ್ಟ್ರು, ಊರಿನ ಶಾಲೆಯಲ್ಲೇ ಪಾಠ ಮಾಡಿ ನಿವೃತ್ತರಾದವರು, ನನ್ನನ್ನು ದಂಡೆಯುದ್ದಕ್ಕೂ ನಡೆಸಿಕೊಂಡು ಹೋದರು.

"ಮೊದಲು ಹಲಗೆ ಹಾಕುವ ದಿನ ಮನೆಗೊಬ್ಬರಂತೆ ಇಪ್ಪತ್ತು ಜನ ಬರ್ತಿದ್ರು ಇಂಜಿನಿಯರ್ರೆ. ಈಗ ಹೇಳಿ ಕಳಿಸಿದ್ರೆ ನಾಲ್ಕು ಜನ. ಆ ನಾಲ್ಕರಲ್ಲಿ ಇಬ್ಬರಿಗೆ ಸೊಂಟ ನೋವು," ಎಂದರು.

ನನಗೆ ಅದು ಒಂದು ಲೆಕ್ಕದ ಸಮಸ್ಯೆಯಾಗಿ ಕಂಡಿತು. ಇಪ್ಪತ್ತು ಜನ ಸಿಗುವುದಿಲ್ಲವೆಂದರೆ ಇಪ್ಪತ್ತು ಜನ ಬೇಡದ ಅಣೆಕಟ್ಟು ಮಾಡಬೇಕು. ಆ ವರ್ಷವೆಲ್ಲ ಅದೇ ಯೋಚನೆ. ಮೂಡುಬಿದಿರೆಯಲ್ಲಿ ಲಾರೆನ್ಸ್ ಎಂಬವರ ಫ್ಯಾಬ್ರಿಕೇಶನ್ ಶಾಪ್ ಇತ್ತು. ಗೇಟು, ಗ್ರಿಲ್ಲು, ಅಡಿಕೆ ಒಣಗಿಸುವ ಟ್ರೇ ಮಾಡುತ್ತಿದ್ದ ಮನುಷ್ಯ. ಶನಿವಾರ ಮಧ್ಯಾಹ್ನದ ಮೇಲೆ ನಾನು ಅಲ್ಲಿಗೆ ಹೋಗಿ ಕುಳಿತುಕೊಳ್ಳುವುದು ರೂಢಿಯಾಯಿತು. ಹಲಗೆಯ ಬದಲು ಪ್ರತಿ ಕಿಂಡಿಗೆ ಒಂದು ಉಕ್ಕಿನ ಶಟರ್. ನೀರು ಸೋರದಂತೆ ಅಂಚಿಗೆ ರಬ್ಬರ್ ಪಟ್ಟಿ. ಮೇಲೆ ಕಂಬದಿಂದ ಕಂಬಕ್ಕೆ ನಡೆದಾಡುವ ಸ್ಲ್ಯಾಬು. ಅಲ್ಲಿ ಒಂದು ಗೇರ್ ಬಾಕ್ಸು, ಉದ್ದದ ಸ್ಕ್ರೂ ರಾಡು, ಕೈಯಿಂದ ತಿರುಗಿಸುವ ಹ್ಯಾಂಡಲ್ಲು. ಕರೆಂಟು ಬೇಡ, ಡೀಸೆಲ್ ಬೇಡ. ಮೊದಲ ಮಾದರಿ ವಾಲಿ ಸಿಕ್ಕಿಕೊಂಡಿತು. ಎರಡನೆಯದಕ್ಕೆ ಲಾರೆನ್ಸ್ ಬದಿಗಳಲ್ಲಿ ಸಣ್ಣ ಗಾಲಿಗಳನ್ನು ಕೂರಿಸಿದರು. ಒಂದು ಕೈಯಲ್ಲಿ ಹ್ಯಾಂಡಲ್ಲು ತಿರುಗಿಸಿ ನೋಡಿ, "ಇದನ್ನು ನನ್ನ ಹೆಂಡತಿಯೂ ಎತ್ತಿಯಾಳು," ಎಂದು ನಕ್ಕರು.

ಮಂಜೂರಾತಿ ಸಿಕ್ಕಿತು. ಮರುವರ್ಷದ ಬೇಸಗೆಯಲ್ಲಿ ಐದೂ ಶಟರುಗಳನ್ನು ಕೂರಿಸಿದೆವು. ಅವುಗಳನ್ನು ನೋಡಿಕೊಳ್ಳಲು ಸಂಘ ಆರಿಸಿದ್ದು ಮಯ್ಯದ್ದಿಯನ್ನು. ಅಣೆಕಟ್ಟಿನ ಪಕ್ಕದಲ್ಲೇ ಅವನ ಮನೆ, ಸ್ವಲ್ಪ ಗದ್ದೆ, ಸ್ವಲ್ಪ ತೆಂಗು. ವಾರಕ್ಕೆರಡು ದಿನ ಮೂಡುಬಿದಿರೆಯ ಸಂತೆಗೆ ಒಣಮೀನು ಒಯ್ದು ಮಾರುತ್ತಿದ್ದ. ನಲವತ್ತರ ಆಸುಪಾಸು, ಮಾತು ಕಡಿಮೆ. ಕರಾವಳಿಯ ಮುಸ್ಲಿಮರಾದ ನಮ್ಮಿಬ್ಬರ ಮನೆಮಾತೂ ಬ್ಯಾರಿಯೇ ಆದರೂ ಉಳಿದವರ ಎದುರು ತುಳುವಿನಲ್ಲಿ ಮಾತಾಡುತ್ತಿದ್ದೆವು. ಯಂತ್ರದ ಮೇಲೆ ಅವನಿಗೆ ಒಂದು ಬಗೆಯ ಮಮತೆ ಇತ್ತು. ಗ್ರೀಸ್ ಹಚ್ಚುವಾಗ ಬಟ್ಟೆಯಿಂದ ಸ್ಕ್ರೂವಿನ ಒಂದೊಂದು ಸುತ್ತನ್ನೂ ಒರೆಸುತ್ತಿದ್ದ.

ಫಲ ಬೇಗ ಕಂಡಿತು. ನವೆಂಬರಿನ ಕೊನೆಗೆ ಮಯ್ಯದ್ದಿ ಒಬ್ಬನೇ ಒಂದು ಬೆಳಗಿನಲ್ಲಿ ಐದೂ ಕಿಂಡಿಗಳನ್ನು ಮುಚ್ಚಿದ. ಏಪ್ರಿಲಿನಲ್ಲಿ ವಾಸು ಮಾಷ್ಟ್ರ ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿತ್ತು. ಬೇಸಗೆಯ ಬೆಳೆಯಾದ ಕೊಳಕೆಯನ್ನು ಮರೆತೇಬಿಟ್ಟಿದ್ದ ಗದ್ದೆಗಳಲ್ಲಿ ಎರಡು ಹಸುರಾದವು. ಬೇರೆ ತಾಲೂಕಿನವರು ಬಂದು ಫೋಟೋ ತೆಗೆದುಕೊಂಡು ಹೋದರು. ಒಂದು ಕಾಲೇಜಿನವರು ಸುಸ್ಥಿರ ಅಭಿವೃದ್ಧಿಯ ಕುರಿತ ವಿಚಾರಗೋಷ್ಠಿಗೆ ನನ್ನನ್ನು ಕರೆದರು. ಇಪ್ಪತ್ತು ಜನರ ಕೆಲಸವನ್ನು ಈಗ ಒಬ್ಬರು ಮಾಡುತ್ತಾರೆ ಎಂದು ನಾನು ಹೇಳಿದಾಗ ಚಪ್ಪಾಳೆ ಬಿತ್ತು.

ಮೂರನೆಯ ವರ್ಷ ತಪಾಸಣೆಗೆ ಹೋದವನು ಮಯ್ಯದ್ದಿಯೊಡನೆ ಸ್ಲ್ಯಾಬಿನ ಮೇಲೆ ಕುಳಿತಿದ್ದೆ. ಅವನು ಇದ್ದಕ್ಕಿದ್ದಂತೆ ಹೇಳಿದ: "ಈಗ ಇಲ್ಲಿಗೆ ಯಾರೂ ಬರುವುದಿಲ್ಲ ಸಾರ್. ಮೊದಲು ಹಲಗೆ ಹಾಕುವ ದಿನ ಇಲ್ಲೇ ಗಂಜಿ, ಚಟ್ನಿ. ಬೈಗಳೂ ಇರ್ತಿತ್ತು, ನಗೆಯೂ ಇರ್ತಿತ್ತು."

"ಈಗ ಬೇಕಾಗುವುದಿಲ್ಲ ಅಲ್ವಾ," ಎಂದೆ.

"ಬೇಕಾಗುವುದಿಲ್ಲ. ಹೌದು," ಎಂದು ಅವನು ಗ್ರೀಸಿನ ಡಬ್ಬಿ ಎತ್ತಿಕೊಂಡ.

ಇನ್ನೊಬ್ಬರಿಗೂ ಕೆಲಸ ಕಲಿಸಿಡಬೇಕೆಂದು ನಾನು ಸಂಘದ ಸಭೆಯಲ್ಲಿ ಹೇಳಿದ್ದೆ. ಆಗಲಿ ಎಂದು ಎಲ್ಲರೂ ತಲೆಯಾಡಿಸಿದ್ದರು. ಇಬ್ಬರು ಹೆಸರನ್ನೂ ಕೊಟ್ಟರು. ಅವರಲ್ಲಿ ಒಬ್ಬ ಮಂಗಳೂರಿಗೆ ಲಾರಿ ಓಡಿಸುವವನು. ಇನ್ನೊಬ್ಬ ಒಮ್ಮೆ ಬಂದು ಹ್ಯಾಂಡಲ್ಲು ತಿರುಗಿಸಿ, "ಸುಲಭ ಉಂಟು," ಎಂದು ಹೋದವನು ಮತ್ತೆ ಬರಲಿಲ್ಲ. ಕೆಲಸ ಅಷ್ಟು ಸುಲಭವಾಗಿದ್ದರಿಂದಲೇ ಕಲಿಯಬೇಕೆಂದು ಯಾರಿಗೂ ಅನ್ನಿಸಲಿಲ್ಲ.

೨೦೦೪ರ ಮೇ ತಿಂಗಳು. ಮುಂಗಾರಿಗೆ ಇನ್ನೂ ಸಮಯವಿತ್ತು. ಶಟರುಗಳೆಲ್ಲ ಇಳಿದೇ ಇದ್ದವು. ಘಟ್ಟದ ಬುಡದಲ್ಲಿ ಎರಡು ದಿನ ಎಡೆಬಿಡದೆ ಮಳೆ ಹೊಡೆಯಿತು. ಆ ಹೊತ್ತಿಗೆ ನಾನು ಬೆಳ್ತಂಗಡಿ ಕಡೆಯ ನೆರಿಯ ಎಂಬ ಊರಿನಲ್ಲಿ, ಕುಸಿದ ಒಂದು ಕಾಲುವೆಯನ್ನು ನೋಡುತ್ತಿದ್ದೆ. ಮಧ್ಯಾಹ್ನ ಊಟಕ್ಕೆಂದು ಬೆಳ್ತಂಗಡಿಗೆ ಬಂದು ಕಚೇರಿಗೆ ಫೋನ್ ಮಾಡಿದಾಗ ಅಲ್ಲಿಯ ಗುಮಾಸ್ತರು ಹೇಳಿದರು: "ಶಿರ್ತಾಡಿಯಿಂದ ಒಬ್ಬರು ಮಾಷ್ಟ್ರು ಎರಡು ಸಲ ಫೋನ್ ಮಾಡಿದ್ದಾರೆ. ನೀವು ಕೂಡಲೇ ಅವರಿಗೆ ಮಾಡಬೇಕಂತೆ."

ವಾಸು ಮಾಷ್ಟ್ರು ಮೊದಲ ರಿಂಗಿಗೇ ಎತ್ತಿಕೊಂಡರು. "ತೊರೆ ತುಂಬಿ ಬಂದಿದೆ. ಮಯ್ಯದ್ದಿ ಎರಡು ಶಟರ್ ಎತ್ತಿದ. ಮೂರನೆಯದು ಅರ್ಧಕ್ಕೆ ನಿಂತಿದೆ. ದೊಡ್ಡ ಮರ ಒಂದು ಬಂದು ಸಿಕ್ಕಿಕೊಂಡಿದೆ. ನೀರು ಬದಿಯ ದಂಡೆ ಕೊರೀತಾ ಉಂಟು, ಏನು ಮಾಡುವ?"

ದಂಡೆ ಕೊರೆದರೆ ತೊರೆ ಅಣೆಕಟ್ಟನ್ನು ಬಿಟ್ಟು ಪಕ್ಕದಿಂದ ದಾರಿ ಮಾಡಿಕೊಳ್ಳುತ್ತದೆ. ಆ ಪಕ್ಕದಲ್ಲಿದ್ದದ್ದು ಮಯ್ಯದ್ದಿಯ ಗದ್ದೆ. ಆದರೂ ಹೇಳಬೇಕಾದ್ದು ಒಂದೇ ಆಗಿತ್ತು. "ದಂಡೆ ಹೋದ್ರೆ ಹೋಗ್ಲಿ ಮಾಷ್ಟ್ರೆ. ಸ್ಲ್ಯಾಬಿನ ಮೇಲೆ ಯಾರೂ ಇರಬಾರದು. ಅವನನ್ನು ಕೆಳಗಿಳಿಸಿ. ನಾನು ಹೊರಟೆ."

"ಹೇಳ್ತೇನೆ," ಎಂದು ಅವರು ಫೋನ್ ಇಟ್ಟರು.

ಅವರ ಮನೆಯಿಂದ ಅಣೆಕಟ್ಟಿಗೆ ಗದ್ದೆಯ ಬದುವಿನ ಮೇಲಿನ ಕಾಲುದಾರಿ. ಮಳೆಯಲ್ಲಿ, ಅರವತ್ತೈದು ದಾಟಿದ ಮನುಷ್ಯ, ಜಾರುವ ಗದ್ದೆ ಹುಣಿಯ ಮೇಲೆ ಎಷ್ಟು ಬೇಗ ಹೋಗಲು ಸಾಧ್ಯ? ಅವರು ತಲುಪಿದಾಗ ಸ್ಲ್ಯಾಬಿನ ಮೇಲೆ ಯಾರೂ ಇರಲಿಲ್ಲ. ಹ್ಯಾಂಡಲ್ಲು ಗೇರಿನಲ್ಲೇ ಇತ್ತು. ಮರ ಅಲ್ಲಿರಲಿಲ್ಲ. ಮೂರನೆಯ ಕಿಂಡಿಯಲ್ಲಿ ನೀರು ಕೆಂಪಾಗಿ ಭೋರ್ಗರೆದು ಹೋಗುತ್ತಿತ್ತು. ಆಚೆ ದಡದಲ್ಲಿ ದನ ಕಟ್ಟಲು ಬಂದಿದ್ದ ಹೆಂಗಸೊಬ್ಬಳು, ಮಯ್ಯದ್ದಿ ಹಾರೆ ಹಿಡಿದು, ಹರಿವಿಗೆ ಎದುರಾಗಿ ಚಾಚಿದ ಕಂಬದ ಮೂಗಿನ ಮೇಲೆ ಇಳಿದದ್ದನ್ನು ನೋಡಿದ್ದಳು. ಹಾರೆಯಿಂದ ಮೀಟುತ್ತಿದ್ದಂತೆ ಮರ ಒಮ್ಮೆಲೇ ತಿರುಗಿತಂತೆ. ಅವಳು ಕೂಗಿದ್ದು ನೀರಿನ ಸದ್ದಿನಲ್ಲಿ ಅವಳಿಗೇ ಕೇಳಿಸಲಿಲ್ಲವಂತೆ.

ನಾನು ಜೀಪಿನಲ್ಲಿ ಸಂಜೆಯ ಹೊತ್ತಿಗೆ ತಲುಪಿದೆ. ಮಳೆ ನಿಂತಿತ್ತು. ಮನೆಗೊಬ್ಬರಲ್ಲ, ಇಡೀ ಊರೇ ದಂಡೆಯ ಮೇಲಿತ್ತು. ಯುವಕರು ತೊರೆಯ ಎರಡೂ ಬದಿ ಬಿದಿರುಗೋಲು ಹಿಡಿದು ಹುಡುಕುತ್ತಿದ್ದರು. ದಂಡೆ ಕೊನೆಗೂ ಒಡೆಯಲಿಲ್ಲ. ಮರುದಿನ ಬೆಳಿಗ್ಗೆ, ಒಂದು ಮೈಲು ಕೆಳಗೆ ಬಿದಿರು ಮೆಳೆಯ ಬೇರುಗಳ ನಡುವೆ ಅವನು ಸಿಕ್ಕಿದ.

ವಿಚಾರಣೆ ನಡೆಯಿತು. ಹೊರಗಿನಿಂದ ಬಂದ ಹಿರಿಯ ಇಂಜಿನಿಯರೊಬ್ಬರು ಗೇರ್ ಬಾಕ್ಸು ಬಿಚ್ಚಿಸಿ ನೋಡಿದರು. ಹಲ್ಲುಗಳು ಸರಿಯಾಗಿದ್ದವು, ಸ್ಕ್ರೂ ಬಾಗಿರಲಿಲ್ಲ, ಗ್ರೀಸ್ ಹೊಸದಾಗಿಯೇ ಇತ್ತು. ಯಂತ್ರದಲ್ಲಿ ದೋಷವಿಲ್ಲ, ವಿನ್ಯಾಸದಲ್ಲಿ ದೋಷವಿಲ್ಲ, ಅಪಘಾತ ಆಕಸ್ಮಿಕ ಎಂದು ಅವರು ಬರೆದರು. ಬರೆದದ್ದು ಸುಳ್ಳೇನೂ ಅಲ್ಲ. ಸಹಿ ಹಾಕಿ ಪೆನ್ನು ಮುಚ್ಚುವಾಗ, "ನಿಮಗೆ ಏನೂ ತೊಂದರೆ ಇಲ್ಲ," ಎಂದು ನನ್ನ ಭುಜ ತಟ್ಟಿದರು.

ಆ ಮೇಲೆ ವಾಸು ಮಾಷ್ಟ್ರೊಂದಿಗೆ ಮಯ್ಯದ್ದಿಯ ಮನೆಗೆ ಹೋದೆ. ಗಂಡ ತೀರಿಕೊಂಡ ಹೆಂಗಸು ಮನೆಯೊಳಗೇ ಉಳಿಯುವ ದಿನಗಳು ಅವು. ಅವನ ಹೆಂಡತಿ ಐಸಮ್ಮ ಬಾಗಿಲ ಪರದೆಯ ಹಿಂದಿನಿಂದ ಮಾತಾಡಿದಳು. ನಾನು ವಿಚಾರಣೆಯ ಮಾತು ಎತ್ತಲಿಲ್ಲ. ಪರಿಹಾರದ ಕಾಗದಪತ್ರ ನಡೆಯುತ್ತಿದೆ ಎಂದಷ್ಟೇ ಹೇಳಿದೆ.

"ಹೋಗುವಾಗ ನಾನು ಹೇಳಿದೆ, ಯಾರನ್ನಾದರೂ ಕರೀರಿ ಅಂತ," ಎಂದಳು ಐಸಮ್ಮ. "ಯಾರನ್ನು ಕರೆಯುವುದು, ಅದು ಯಾರಿಗೂ ಗೊತ್ತಿಲ್ಲ, ಬಂದ್ರೆ ಅವರನ್ನೂ ನಾನೇ ನೋಡ್ಕೊಳ್ಬೇಕು ಅಂತ ಹೇಳಿ ಹೋದ್ರು."

ಮಾಷ್ಟ್ರು ತಲೆ ತಗ್ಗಿಸಿ ಕುಳಿತರು. ಚಹಾ ಬಂದಿತ್ತು, ಇಬ್ಬರೂ ಕುಡಿಯಲಿಲ್ಲ. ಹಿಂದೆ ಹಲಗೆ ತೆಗೆಯುವಾಗ ನೀರಿಗಿಳಿದವನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲಿನಿಂದ ನಾಲ್ಕು ಜನ ಹಿಡಿಯುತ್ತಿದ್ದರು ಎಂದು ಹಿಂತಿರುಗುವ ದಾರಿಯಲ್ಲಿ ಮಾಷ್ಟ್ರು ಹೇಳಿದರು. ನಾನು ಆ ಹಗ್ಗದ ಬಗ್ಗೆ ಮೊದಲ ಸಲ ಕೇಳಿದ್ದು ಅಂದು.

ಆ ನವೆಂಬರಿನಲ್ಲಿ ಶಟರ್ ಇಳಿಸಲು ಯಾರೂ ಒಪ್ಪಲಿಲ್ಲ. ಹೆದರಿಕೆಯೊಂದೇ ಕಾರಣವಲ್ಲ. ಆ ಹ್ಯಾಂಡಲ್ಲು ಮಯ್ಯದ್ದಿಯದು ಎಂಬ ಭಾವನೆ ಊರಲ್ಲಿ ಗಟ್ಟಿಯಾಗಿತ್ತು. ಅಪಘಾತದ ಮೇಲೆ ಇಲಾಖೆಯ ಕೂಲಿಗಳಿಂದ ಎತ್ತಿಸಿಟ್ಟಿದ್ದ ಐದೂ ಶಟರುಗಳು ಎರಡು ವರ್ಷ ಮೇಲೆಯೇ ನಿಂತವು, ತೊರೆಯ ನೀರು ಹಾಗೆಯೇ ಹರಿದು ಹೋಯಿತು. ಫೆಬ್ರವರಿಗೇ ಬಾವಿಗಳು ಕೆಳಗಿಳಿದವು. ಕೊಳಕೆ ಬೆಳೆದಿದ್ದ ಗದ್ದೆಗಳಲ್ಲಿ ಒಂದನ್ನು ರಬ್ಬರ್ ನರ್ಸರಿಗೆ ಕೊಟ್ಟರು.

ನಾನು ಮೇಲಿನವರಿಗೆ ಹೊಸ ಪ್ರಸ್ತಾವ ಒಯ್ದೆ. ಶಟರುಗಳನ್ನು ತೆಗೆದು ಮತ್ತೆ ಹಲಗೆ ಹಾಕುವುದು. ಮರದ್ದಲ್ಲ, ಆಗತಾನೇ ಬರುತ್ತಿದ್ದ ಫೈಬರಿನ ಹಲಗೆ. ಅದು ಹಗುರ, ಕೊಳೆಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ಆದರೆ ಒಬ್ಬನಿಂದ ಆಗುವ ಕೆಲಸವಲ್ಲ. ಎರಡೂ ಕಡೆ ಹಿಡಿದು ಇಳಿಸಲು ಪ್ರತಿ ಕಿಂಡಿಗೂ ಜನ ಬೇಕೇ ಬೇಕು. ಮೇಲಧಿಕಾರಿ ನಕ್ಷೆ ನೋಡಿ ಕನ್ನಡಕ ತೆಗೆದರು.

"ಎಲ್ಲರೂ ಮುಂದೆ ಹೋಗ್ತಾರೆ, ನೀವು ಹಿಂದೆ ಹೋಗ್ತೀರಲ್ಲ ಮಾರಾಯ್ರೆ. ಜನ ಬರುವುದಿಲ್ಲ ಅಂತ ತಾನೇ ಶಟರ್ ಹಾಕಿಸಿದ್ದು?"

"ಹೌದು ಸಾರ್. ಈಗ ಶಟರಿಗೂ ಜನ ಇಲ್ಲ," ಎಂದೆ.

ಒಪ್ಪಿಗೆಗೆ ಬಹಳ ಕಾಲ ಹಿಡಿಯಿತು. ಕೊನೆಗೆ ೨೦೦೬ರ ಡಿಸೆಂಬರಿನ ಒಂದು ಭಾನುವಾರ ಹಲಗೆ ಹಾಕುವುದೆಂದು ನಿಶ್ಚಯವಾಯಿತು. ವಾಸು ಮಾಷ್ಟ್ರು ಮನೆಮನೆಗೆ ಹೋಗಿ ಹೇಳಿ ಬಂದಿದ್ದರು. ಮಸೀದಿಯಲ್ಲಿ ಶುಕ್ರವಾರದ ನಮಾಜಿನ ನಂತರ ಹೇಳಿಸಿದ್ದರು, ಭಜನಾ ಮಂದಿರದಲ್ಲೂ ಹೇಳಿಸಿದ್ದರು. ನಾನು ಬೆಳಿಗ್ಗೆಯೇ ಬಂದು ದಂಡೆಯ ಮೇಲೆ ನಿಂತೆ. ಬಂದವರು ಏಳು ಜನ. ಅವರಲ್ಲಿ ಐಸಮ್ಮನ ತಮ್ಮನೂ ಇದ್ದ. ಯಾರ ಮುಖವನ್ನೂ ನೋಡದೆ ನೇರ ಹೋಗಿ ಮೂರನೆಯ ಕಿಂಡಿಯ ಪಕ್ಕ ನಿಂತುಕೊಂಡ. ಹತ್ತು ಗಂಟೆಯವರೆಗೆ ಕಾದೆವು. ಇನ್ನು ಯಾರೂ ಬರಲಿಲ್ಲ.

"ಇರುವವರು ಸುರು ಮಾಡುವ," ಎಂದರು ಮಾಷ್ಟ್ರು.

ಪ್ಯಾಂಟು ಮಡಚಿ ನಾನೂ ಇಳಿದೆ. ಏಳು ಜನರ ಕೈ ಸೋಲುವಷ್ಟರಲ್ಲಿ ಐದೂ ಕಿಂಡಿಗಳಿಗೆ ಅರ್ಧ ಎತ್ತರದವರೆಗೆ ಹಲಗೆ ಇಳಿದಿತ್ತು. ಉಳಿದರ್ಧವನ್ನು ಮುಂದಿನ ಭಾನುವಾರ ಮುಗಿಸುವುದೆಂದು ಮಾತಾಯಿತು. ಮುಂದಿನ ಭಾನುವಾರ ಬಂದವರು ಮೂವರು. ಅಣೆಕಟ್ಟು ಅರ್ಧಕ್ಕೇ ನಿಂತಿತು. ತಗ್ಗಿನ ಬಾವಿಗಳಲ್ಲಿ ಮಾರ್ಚ್ ತನಕ ನೀರು ಉಳಿಯಿತು, ಎತ್ತರದ ಮನೆಗಳಿಗೆ ಉಳಿಯಲಿಲ್ಲ. ಅದರ ಮರುವರ್ಷ ನನಗೆ ವರ್ಗವಾಯಿತು.

ಕಾಂಕ್ರೀಟ್ ಎಷ್ಟು ವರ್ಷ ಬಾಳುತ್ತದೆ, ಉಕ್ಕಿಗೆ ಎಷ್ಟು ವರ್ಷಕ್ಕೆ ಬಣ್ಣ ಹಚ್ಚಬೇಕು, ರಬ್ಬರ್ ಯಾವಾಗ ಬದಲಿಸಬೇಕು ಎಂಬುದಕ್ಕೆಲ್ಲ ನಮ್ಮಲ್ಲಿ ಕೋಷ್ಟಕಗಳಿವೆ. ಜನರು ಒಂದು ಕೆಲಸಕ್ಕೆ ಕೂಡಿ ಬರುವ ರೂಢಿ ಎಷ್ಟು ವರ್ಷ ಬಾಳುತ್ತದೆ, ಒಮ್ಮೆ ಬಿಟ್ಟುಹೋದರೆ ಮತ್ತೆ ಕಟ್ಟಲು ಎಷ್ಟು ಕಾಲ ಬೇಕು ಎಂಬುದಕ್ಕೆ ಯಾವ ಕೋಷ್ಟಕವೂ ಇಲ್ಲ. ಶ್ರಮ ಉಳಿಸುವ ಯಂತ್ರ ಬೇಡವೆಂದು ನಾನು ಹೇಳುವುದಿಲ್ಲ. ಸೊಂಟ ನೋವಿನವರಿಂದ ಮಣ್ಣು ಹೊರಿಸುವುದರಲ್ಲಿ ದೊಡ್ಡತನವೇನೂ ಇಲ್ಲ. ಆದರೆ ಆಮೇಲೆ ಮಾಡಿಸಿದ ಪ್ರತಿ ಕೆಲಸದಲ್ಲೂ, ಇದು ಎಷ್ಟು ಜನರ ದುಡಿಮೆ ಉಳಿಸುತ್ತದೆ ಎಂದು ಕೇಳುವ ಮೊದಲು, ಇದು ಕೆಟ್ಟು ನಿಂತ ದಿನ ಪಕ್ಕದಲ್ಲಿ ನಿಲ್ಲಲು ಎಷ್ಟು ಜನರಿರುತ್ತಾರೆ ಎಂದು ಕೇಳತೊಡಗಿದೆ. ಹೆಚ್ಚಿನ ಊರುಗಳಲ್ಲಿ ಆ ಪ್ರಶ್ನೆಗೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅಂಥ ಕಡೆ ನಾನು ನಕ್ಷೆಯನ್ನು ಮಡಚಿಟ್ಟು, ಇನ್ನೊಂದು ಸಲ ಬರುತ್ತೇನೆ ಎಂದು ಹೇಳಿ ಎದ್ದುಬಿಡುತ್ತಿದ್ದೆ.