ಮದುಮಗಳ ಬೆಕ್ಕಿನ ಬುಟ್ಟಿ

ಸೋದರಮಾವನಾದವನಿಗೆ ಮದುವೆ ಮನೆಯಲ್ಲಿ ಒಂದು ಗತ್ತಿರುತ್ತದೆ. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವ ಹಕ್ಕು ಅವನದು. ಈ ಸಲ ನನಗೆ ಆ ಹಕ್ಕು ಸಿಕ್ಕಿತು. ಜೊತೆಗೆ ಇನ್ನೊಂದು ಹೊಣೆಯೂ ಅಂಟಿಕೊಂಡಿತು. ಮದುಮಗಳ ಬೆಕ್ಕನ್ನು ಕಡೂರಿನಿಂದ ಅಜ್ಜಂಪುರಕ್ಕೆ ಸಾಗಿಸುವುದು! (ಇದು ಯಾವ ಶಾಸ್ತ್ರದಲ್ಲಿದೆ ಎಂದು ದಯವಿಟ್ಟು ಕೇಳಬೇಡಿ.)

ಮದುಮಗಳು ನನ್ನ ಅಕ್ಕನ ಮಗಳು ಚೈತ್ರ. ಬೆಕ್ಕಿನ ಹೆಸರು ಕೊಬ್ರಿ. ಬೆನ್ನೆಲ್ಲ ಕಂದು, ಹೊಟ್ಟೆಯೆಲ್ಲ ಬಿಳಿ. ಭಾವನದು ಕಡೂರಿನಲ್ಲಿ ತೆಂಗಿನಕಾಯಿ ವ್ಯಾಪಾರ. ಇನ್ನೇನು ಹೆಸರಿಟ್ಟಾರು? ಗೋಡೌನಿನಲ್ಲಿ ತಾಯಿಯನ್ನು ಕಳೆದುಕೊಂಡು ಅರಚುತ್ತಿದ್ದ ಮರಿಗೆ ಫಿಲ್ಲರಿನಲ್ಲಿ ಹಾಲು ಕುಡಿಸಿ ಬದುಕಿಸಿದವಳು ಚೈತ್ರ. ಅಂದಿನಿಂದ ಇಬ್ಬರದೂ ಒಂದೇ ಹಾಸಿಗೆ.

ಹುಡುಗ ನೋಡಲು ಬಂದ ದಿನ ಅವಳು ಅವನ ಕೆಲಸ ಕೇಳಲಿಲ್ಲ, ಅಡುಗೆ ಬರುತ್ತಾ ಎಂದೂ ಕೇಳಲಿಲ್ಲ. “ನನ್ ಬೆಕ್ಕೂ ಬರುತ್ತೆ. ಆಗ್ಬೋದಾ?” ಅಂದಳು. ಹುಡುಗ ಕೂಡಲೇ ತಲೆಯಾಡಿಸಿದ. (ಆ ಗಳಿಗೆಯಲ್ಲಿ ಆನೆ ಬರುತ್ತದೆ ಎಂದಿದ್ದರೂ ಆಡಿಸುತ್ತಿದ್ದ.)

ಹುಡುಗನ ತಾಯಿ ಗಿರಿಜಮ್ಮ ಮಾತ್ರ ಸ್ವಲ್ಪ ಯೋಚಿಸಿದರು. “ಬರ್ಲಿ ಬಿಡಿ, ನಮ್ಮನೇಲೂ ಇಲಿ ಐತೆ. ಆದ್ರೆ ಸೊಸೆ ಸೇರು ಒದ್ದು ಒಳಗೆ ಬರೋ ಹೊತ್ನಲ್ಲಿ ಅದು ಅಡ್ಡ ಬಂದ್ಬಿಟ್ರೆ ಕಷ್ಟ ಕಣ್ರೀ. ನೆಂಟ್ರೆಲ್ಲಾ ಇರ್ತಾರೆ. ಹಂಗೇನಾರ ಆದ್ರೆ ವಾಪಸ್ ಕಳಿಸ್ಬೇಕಾಗುತ್ತೆ ನೋಡಿ” ಅಂದರು. ಕೊನೆಗೆ ಒಪ್ಪಂದ ಹೀಗಾಯಿತು: ಮೊದಲು ಸೊಸೆ, ಮುಂಬಾಗಿಲಿನಿಂದ. ಆಮೇಲೆ ಬೆಕ್ಕು, ಹಿತ್ತಲ ಬಾಗಿಲಿನಿಂದ.

ಚೈತ್ರ ನನ್ನ ಕೈ ಹಿಡಿದುಕೊಂಡಳು. “ಮಾವ, ಅದು ತಪ್ಪಿಸ್ಕೋಬಾರ್ದು, ಹೆದ್ರಿಕೋಬಾರ್ದು. ವಾಪಸ್ ಕಳಿಸಿದ್ರೆ ನಂಗೆ ಅಲ್ಲಿ ನಿದ್ದೇನೇ ಬರಲ್ಲ. ನೀನೊಬ್ನೇ ಗತಿ” ಅಂದಳು. ಕಣ್ಣಲ್ಲಿ ನೀರಿತ್ತು. ನಾನು ಹೂಂ ಅಂದುಬಿಟ್ಟೆ.

“ಅದಕ್ಯಾಕೋ ಇಷ್ಟು ತಲೆಬಿಸಿ? ಗೋಡೌನ್ ತುಂಬ ಗೋಣಿಚೀಲ ಬಿದ್ದಾವೆ, ಒಂದ್ ತಗೊಂಡೋಗು” ಅಂದರು ಭಾವ. ಚೈತ್ರ ಸಿಡಿದೆದ್ದಳು. “ಅಪ್ಪಾ, ಚೀಲಕ್ಕೆ ತುಂಬೋದು ಬಿಟ್ಟು ಬರೋ ಬೆಕ್ಕನ್ನ. ಇದು ನನ್ ಜೊತೆ ಬರ್ತಿರೋದು!”

ನಿಜವೇ. ಹಾಲು ಕದಿಯುವ ಬೆಕ್ಕಿಗೆ ದಾರಿ ಗುರುತು ಸಿಗಬಾರದೆಂದು ಗೋಣಿಚೀಲದಲ್ಲಿ ಕಟ್ಟಿ, ರೈಲು ಹಳಿಯಾಚೆ ಬಿಟ್ಟು ಬರುವುದು ನಮ್ಮ ಕಡೆಯ ಹಳೇ ವಿದ್ಯೆ. (ಬಿಟ್ಟವನಿಗಿಂತ ಮೊದಲೇ ಮನೆಗೆ ಬಂದು ಕೂತಿರುವ ಬೆಕ್ಕುಗಳೂ ಉಂಟು.) ಗಡೀಪಾರಿನ ಚೀಲದಲ್ಲಿ ಮದುಮಗಳ ಜೊತೆಗಾತಿಯನ್ನು ಕಳಿಸುವುದೇ?

ಸರಿ, ಅಂಗಡಿಗೆ ಹೋದೆ. ಅಂಗಡಿಯವರು ಗಿಳಿ ಪಂಜರ ತೋರಿಸಿದರು. ಬೇಡ ಅಂದಾಗ ಶಾಲೆ ಬ್ಯಾಗಿನಂಥ ಒಂದು ಚೀಲ ತೋರಿಸಿದರು. ಅದೂ ಬೇಡವೆಂದು ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಅಬ್ಬಾ, ಎಷ್ಟೊಂದು ನಮೂನೆ! ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗು, ಅದಕ್ಕೊಂದು ಗುಂಡನೆಯ ಪಾರದರ್ಶಕ ಕಿಟಕಿ. ಫೋಟೋದಲ್ಲಿ ಬೆಕ್ಕು ಅದರೊಳಗಿಂದ ಲೋಕ ನೋಡುತ್ತಾ ನಗುತ್ತಿತ್ತು. ಮರುಳಾಗಿ ತರಿಸಿಯೇಬಿಟ್ಟೆ.

ಬಂದ ಬ್ಯಾಗನ್ನು ಸ್ವಲ್ಪ ಹೊತ್ತು ಅಂಗಳದಲ್ಲಿಟ್ಟು ಒಳಗೆ ಕೈ ಹಾಕಿದೆ. ಕಡೂರಿನ ಬಿಸಿಲು ನಿಮಗೆ ಗೊತ್ತಲ್ಲ? ಇಡ್ಲಿ ಬೇಯುವಷ್ಟು ಧಗೆ ಇತ್ತು. ಮರುದಿನವೇ ವಾಪಸ್ ಕಳಿಸಿದೆ.

ತರೀಕೆರೆಯಲ್ಲಿ ಒಬ್ಬ ಪಶುವೈದ್ಯೆ ಪರಿಚಯ. ಫೋನ್ ಮಾಡಿದೆ. ಡಾಕ್ಟರಮ್ಮ ನನ್ನ ಕಥೆ ಕೇಳಿ ನಕ್ಕರು. “ನಿಮ್ ಕಣ್ಣಿಗೆ ಚೆನ್ನಾಗಿ ಕಾಣೋದು ಬಿಡಿ ಸಾರ್. ಬೆಕ್ಕು ಒಳಗೆ ಎದ್ದು ನಿಲ್ಬೇಕು, ತಿರುಗ್ಬೇಕು, ಮೈ ಚಾಚಿ ಮಲಗ್ಬೇಕು. ತೀರಾ ದೊಡ್ಡದಿದ್ರೆ ಬ್ರೇಕ್ ಹಾಕ್ದಾಗ ಉರುಳುತ್ತೆ. ಗಟ್ಟಿ ಪ್ಲಾಸ್ಟಿಕ್‌ದು ತಗೊಳಿ. ಸುತ್ತ ಗಾಳಿ ಆಡ್ಲಿ. ಮುಂದೂ ಬಾಗ್ಲು, ಮೇಲೂ ಬಾಗ್ಲು ಇರ್ಲಿ, ಹೆದರಿದ ಬೆಕ್ಕನ್ನ ಮುಂದಿನಿಂದ ಎಳೀಬಾರ್ದು. ಜಿಪ್ ಮಾತ್ರ ನಂಬ್ಬೇಡಿ, ಬೆಕ್ಕಿನ ಮೂತಿಗೆ ಅದನ್ನ ತೆಗೆಯೋದೇನ್ ಮಹಾ!” ಅಂದರು.

ಕೊನೆಗೆ ಮುಖ್ಯವಾದ ಮಾತು ಹೇಳಿದರು. “ತಂದ ದಿನವೇ ಒಳಗೆ ತುರುಕ್ಬೇಡಿ. ಅದರ ಹಳೇ ಬಟ್ಟೆ ಹಾಸಿ, ಬಾಗ್ಲು ತೆಗೆದು, ಮನೇಲಿ ಇಟ್ಬಿಡಿ. ಅದಾಗೇ ಒಳಗೆ ಹೋಗುತ್ತೆ.”

ಹಾಗೆಯೇ ಮಾಡಿದೆವು. ತಿಳಿ ನೀಲಿಯ ಗಟ್ಟಿ ಬುಟ್ಟಿ ಬಂತು. ಬೀಗದಂಥ ಚಿಲಕ. ಒಳಗೆ ಚೈತ್ರಳ ಹಳೇ ಚೂಡಿದಾರದ ದುಪಟ್ಟಾ. ಮೊದಲ ವಾರ ಕೊಬ್ರಿ ಅದನ್ನು ಮೂಸಿ, ಪೊಲೀಸರ ಹಾಗೆ ಸುತ್ತು ಹಾಕಿ ಹೋಯಿತು. ಆಮೇಲೆ ಅದರ ತಲೆಯ ಮೇಲೆ ಹತ್ತಿ ಮಲಗಿತು. ಒಂದು ದಿನ ಮದುವೆ ಸೀರೆಗಳ ಗಲಾಟೆಯ ನಡುವೆ ನೋಡಿದರೆ, ಒಳಗೆ ದುಪಟ್ಟಾದ ಮೇಲೆ ಸುರುಳಿ ಸುತ್ತಿ ಗೊರಕೆ ಹೊಡೆಯುತ್ತಿದೆ! ಅಕ್ಕ ಇಡೀ ಬೀದಿಯನ್ನೇ ಕರೆದು ತೋರಿಸಿದಳು. ತರೀಕೆರೆಗೆ ಲಸಿಕೆ ಹಾಕಿಸಲು ಹೋಗಿ ಬಂದದ್ದೇ ನಮ್ಮ ಟ್ರಯಲ್ ರನ್. ಕಾರಿನ ಹಿಂದಿನ ಸೀಟಿನಲ್ಲಿ ಬುಟ್ಟಿಗೆ ಬೆಲ್ಟ್ ಬಿಗಿದೆವು. ಬೀರೂರಿನವರೆಗೆ ಕೂಗಿತು, ಆಮೇಲೆ ನಿದ್ದೆ ಹೋಯಿತು.

ಮದುವೆ ಚೆನ್ನಾಗಾಯಿತು. ಮರುದಿನ ಬೆಳಿಗ್ಗೆ ಅಜ್ಜಂಪುರಕ್ಕೆ ದಿಬ್ಬಣ ಹೊರಟಿತು. ಮುಂದಿನ ಕಾರಿನಲ್ಲಿ ಹೊಸ ಜೋಡಿ, ಹಿಂದಿನ ಕಾರಿನಲ್ಲಿ ನಾನು ಮತ್ತು ಕೊಬ್ರಿ. ಬುಟ್ಟಿಯ ಮೇಲೊಂದು ತೆಳು ಬಟ್ಟೆ ಹೊದಿಸಿದರೆ ಬೆಕ್ಕು ಶಾಂತವಾಗಿರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಹೊರಡುವ ಗಡಿಬಿಡಿಯಲ್ಲಿ ಅಕ್ಕ ಕೈಗೆ ಸಿಕ್ಕ ಬಟ್ಟೆ ಹೊದಿಸಿದಳು. ಮದುವೆ ಮನೆಯಲ್ಲಿ ಕೈಗೆ ಸಿಗುವುದೇನು? ಹಸಿರು ರವಿಕೆ ಕಣ. ಅಂಚಿಗೆ ಜರಿ ಬೇರೆ.

ಎಡವಟ್ಟಾದದ್ದು ಅಲ್ಲಿಯೇ.

ಅಜ್ಜಂಪುರದಲ್ಲಿ ಕಾರಿನಿಂದ ಇಳಿದು ಬುಟ್ಟಿ ಹಿಡಿದುಕೊಂಡು ಹಿತ್ತಲ ದಾರಿ ಯಾವುದೆಂದು ನೋಡುತ್ತಿದ್ದೆ. ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರು ಸಿದ್ಧವಾಗಿತ್ತು. ವಾಲಗ ಜೋರಾಗಿತ್ತು. ಅಷ್ಟರಲ್ಲಿ ಹುಡುಗನ ಸೋದರತ್ತೆಯರಿಬ್ಬರು ನನ್ನತ್ತ ಓಡಿ ಬಂದರು. ಹೆಣ್ಣಿನ ಸೋದರಮಾವನ ಕೈಯಲ್ಲಿ, ರವಿಕೆ ಕಣ ಹೊದ್ದ ಬುಟ್ಟಿ! ಏನೆಂದುಕೊಂಡಾರು? ತವರಿನ ಉಂಡೆ, ಚಕ್ಕುಲಿ ಬುಟ್ಟಿ ಎಂದೇ ತಿಳಿದರು. ಆ ಮನೆಯ ಪದ್ಧತಿಯಲ್ಲಿ ತವರಿನ ಬುಟ್ಟಿ ಸೊಸೆಗಿಂತ ಮೊದಲು ದೇವರ ಮನೆ ಸೇರಬೇಕಂತೆ.

“ಅಮ್ಮಾ, ಅದು ತಿಂಡಿ ಅಲ್ಲ...” ಅಂದೆ. ವಾಲಗದಲ್ಲಿ ಯಾರಿಗೆ ಕೇಳಬೇಕು? ಬುಟ್ಟಿಗೆ ಅರಿಶಿನ ಕುಂಕುಮ ಹಚ್ಚಿದರು. ಆರತಿ ಎತ್ತಿದರು. “ಅಯ್ಯೋ ಏನ್ ಭಾರ ಐತೆ ಕಣೇ! ಬೀಗ್ರು ಧಾರಾಳಿಗಳು” ಎನ್ನುತ್ತಾ ಇಬ್ಬರೂ ಹಿಡಿದು, ಸೇರಿನ ಪಕ್ಕದಿಂದಲೇ ಒಳಗೆ ನಡೆದರು. ಕಾರಿನ ಬಳಿ ನಿಂತಿದ್ದ ಚೈತ್ರಳ ಮುಖ ಬಿಳಿಚಿಕೊಂಡಿತು. ಯಾವುದು ಆಗಬಾರದೋ ಅದೇ, ಆರತಿ ಸಮೇತ ಆಗಿಹೋಗಿತ್ತು.

ಓಡಿದೆ. ದೇವರ ಮುಂದೆ ಬುಟ್ಟಿ ಇಟ್ಟು ಒಬ್ಬಾಕೆ ಬಟ್ಟೆ ಸರಿಸಿದರು. ಒಳಗಿನಿಂದ ಎರಡು ಹಳದಿ ಕಣ್ಣು ನೋಡಿದವು.

“ಮಿಯಾಂವ್.”

ಆಕೆ ಕಿಟಾರನೆ ಕಿರುಚಿದರು. ನೆಂಟರೆಲ್ಲ ನುಗ್ಗಿದರು. ವಾಲಗ ನಿಂತಿತು. “ಬೆಕ್ಕು! ಸೊಸೆಗಿಂತ ಮುಂಚೆ ಬೆಕ್ಕು ಬಂದ್ಬಿಡ್ತಲ್ಲೋ!” ಎಂದು ಯಾರೋ ಹಣೆ ಚಚ್ಚಿಕೊಂಡರು. ಇಷ್ಟೆಲ್ಲ ರಾದ್ಧಾಂತದಲ್ಲೂ ಚಿಲಕ ಅಲುಗಲಿಲ್ಲ. ಕೊಬ್ರಿ ದುಪಟ್ಟಾದೊಳಗೆ ಮೂತಿ ತೂರಿಸಿ ಕೂತಿತ್ತು.

ಗಿರಿಜಮ್ಮ ಬಂದರು. ಬುಟ್ಟಿ ನೋಡಿದರು, ಅದರ ಮೇಲಿನ ಕುಂಕುಮ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನಗತೊಡಗಿದರು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಗು!

“ಅಡ್ಡ ಎಲ್ ಬಂತ್ರೀ ಅದು? ನೀವೇ ಆರತಿ ಎತ್ತಿ, ನೀವೇ ಹೊತ್ಕೊಂಡ್ ಬಂದ್ರಿ. ಮನೆಗೆ ಕರೆದು ಕುಂಕುಮ ಹಚ್ಚಿದ್ಮೇಲೆ ವಾಪಸ್ ಕಳಿಸೋಕಾಯ್ತದಾ? ನಡೀರಿ ನಡೀರಿ, ಸೊಸೆ ಬಿಸಿಲಲ್ಲಿ ನಿಂತವ್ಳೆ!”

ಚೈತ್ರ ಸೇರು ಒದ್ದ ರಭಸಕ್ಕೆ ಅಕ್ಕಿ ನಡುಮನೆಯವರೆಗೂ ಹಾರಿತು. ಅಷ್ಟು ಖುಷಿಯಾಗಿದ್ದಳು ಹುಡುಗಿ. ನನಗಂತೂ ಕುಣಿಯುವುದೊಂದು ಬಾಕಿ.

ಬುಟ್ಟಿಯನ್ನು ಒಂದು ಕೋಣೆಯಲ್ಲಿಟ್ಟು ಬಾಗಿಲು ತೆರೆದೆವು. ಕೊಬ್ರಿ ಹೊರಗೆ ಬರಲಿಲ್ಲ. ಇಣುಕಲು ಬಂದ ನೆಂಟರನ್ನು ಗಿರಿಜಮ್ಮ ಗದರಿಸಿ ಅಟ್ಟಿದರು. “ಎಲ್ರೂ ಆಚೆ ಹೋಗಿ. ಹೊಸ ಜಾಗ, ಹೊಸ ಜನ. ಅದಕ್ಕೂ ಸುಧಾರಿಸ್ಕೊಳ್ಳೋಕೆ ಟೈಮ್ ಬೇಡ್ವಾ?”

ನಡುಮನೆಯಲ್ಲಿ ಚೈತ್ರ ಭಾರದ ಸೀರೆಯಲ್ಲಿ, ಹೂವಿನ ಹೊರೆಯಲ್ಲಿ ಕೂತಿದ್ದಳು. ಸುತ್ತ ಹತ್ತಾರು ಹೆಂಗಸರು. ಗಂಡನ ಹೆಸರು ಹೇಳು, ಹಾಡು ಹೇಳು, ಬಳೆ ತೋರಿಸು. ನಗುತ್ತಲೇ ಇದ್ದಳು, ಆದರೆ ಕಣ್ಣು ಸೋತಿದ್ದವು. ಗಿರಿಜಮ್ಮ ಕೋಣೆಯ ಬಾಗಿಲಲ್ಲಿ ನಿಂತು ಅವಳನ್ನೊಮ್ಮೆ, ಬುಟ್ಟಿಯನ್ನೊಮ್ಮೆ ನೋಡಿದರು. ಏನು ಹೊಳೆಯಿತೋ, ಹತ್ತಿರ ಹೋಗಿ ಅವಳ ತೋಳು ಹಿಡಿದು ಎಬ್ಬಿಸಿದರು.

“ಬಾರಮ್ಮ, ನಿನ್ ಬೆಕ್ಕು ಒಂದೇ ಕೂತೈತೆ. ನೀನೂ ಒಳಗೋಗಿ ಕಾಲ್ ಚಾಚ್ಕೊಂಡು ಕೂತ್ಕೋ. ಬಾಗ್ಲು ಹಾಕ್ಕೋ. ನಾನ್ ಹೇಳೋಗಂಟ ಯಾರೂ ಬರಲ್ಲ.”

ಊಟದ ಹೊತ್ತಿಗೆ ಚೈತ್ರ ತಾನಾಗಿಯೇ ಹೊರಗೆ ಬಂದಳು. ಮುಖ ತೊಳೆದಿದ್ದಳು, ಹತ್ತಿಯ ಸೀರೆ ಉಟ್ಟಿದ್ದಳು, ಅತ್ತೆಯ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕೂತಳು. ಅಷ್ಟು ನೆಮ್ಮದಿಯಾಗಿ ಉಣ್ಣುವ ಹೊಸ ಸೊಸೆಯನ್ನು ನಾನು ಕಂಡಿರಲಿಲ್ಲ. ಕೊಬ್ರಿ ಹೊರಬಂದದ್ದು ಮರುದಿನವಂತೆ, ನೇರ ಗಿರಿಜಮ್ಮನ ಮಡಿಲಿಗೆ.

ನಾನು ಖುಷಿಯಿಂದಲೇ ಕಡೂರಿಗೆ ಮರಳಿದೆ. ದಾರಿಯುದ್ದಕ್ಕೂ ಒಂದು ಪ್ರಶ್ನೆ ಮಾತ್ರ ಕಾಡುತ್ತಿತ್ತು. ಮದುವೆಯಾಗಿ ಬಂದ ಹುಡುಗಿ ಒಂದಿಷ್ಟು ಹೊತ್ತು ಬಾಗಿಲು ಹಾಕಿಕೊಂಡು ಕೂರುವುದಕ್ಕೆ, ನಮ್ಮ ಮನೆಗಳಲ್ಲಿ ಬೆಕ್ಕಿನ ನೆಪ ಬೇಕೇ?