ಬೀಗರ ಕಾಡಿನಲ್ಲಿ ಟರ್ಕಿ ಬೇಟೆ

ಹೋದ ವಾರ ಪರ್ತ್ ಬಳಿಯ ವೆಲ್ಷ್‌ಪೂಲ್‌ನ ನಮ್ಮ ಗೋದಾಮಿನಲ್ಲಿ ಊಟದ ಹೊತ್ತಿಗೆ ಹೊಸ ಸಹೋದ್ಯೋಗಿಯೊಬ್ಬರು ಮೈಕ್ರೋವೇವ್ ಬಾಗಿಲು ತೆರೆದರು. ಬಫಾತ್ ಮಸಾಲೆಯ ವಾಸನೆ ಕೋಣೆ ತುಂಬಿತು. ಕೆಂಪು ಮೆಣಸು, ಕೊತ್ತಂಬರಿ, ವಿನಿಗರ್... ಮಂಗಳೂರು ಕಡೆ ಹಂದಿ ಮಾಂಸಕ್ಕೆ ಹಾಕುವ ಮಸಾಲೆ ಅದು. ಮೊಟ್ಟೆಯನ್ನೂ ಮುಟ್ಟದ ನನಗೆ ಆ ವಾಸನೆಯ ಗುರುತು ಹತ್ತಬೇಕಾದ ಕಾರಣವೇ ಇಲ್ಲ. ಆದರೂ ಹತ್ತಿತು. ಅದರ ಹಿಂದೆಯೇ ಅಡಿಲೇಡ್‌ನ ಆಂಟಿ ನೆನಪಾದರು.

ಮೈಸೂರಿನಿಂದ ಬಂದ ಹೊಸತರಲ್ಲಿ ನಾನು ಅವರ ಮನೆಯ ಹಿತ್ತಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮಂಗಳೂರು ಕಡೆಯ ಆಂಟಿ ಕುವೈತ್‌ನಲ್ಲಿ ಬಹಳ ವರ್ಷ ನರ್ಸ್ ಆಗಿದ್ದು, ಆಮೇಲೆ ಗಂಡ, ಮಗಳ ಜೊತೆ ಆಸ್ಟ್ರೇಲಿಯಾಕ್ಕೆ ಬಂದವರು. ಕುಳ್ಳಗಿನ ಆಸಾಮಿ. ಭಾನುವಾರ ಚರ್ಚ್, ಶನಿವಾರ ಗನ್ ಕ್ಲಬ್. ಊರಲ್ಲಿ ಗದ್ದೆಗೆ ನುಗ್ಗುವ ಹಂದಿ ಓಡಿಸಲು ಅವರಪ್ಪ ಕೋವಿ ಇಟ್ಟುಕೊಂಡಿದ್ದರಂತೆ. ಗುರಿ ಇಡುವುದನ್ನು ಆಂಟಿ ಚಿಕ್ಕವರಿದ್ದಾಗಲೇ ಅಪ್ಪನಿಂದ ಕಲಿತಿದ್ದರು. ಅಂಕಲ್‌ಗೆ ಮಾತ್ರ ಪಟಾಕಿ ಶಬ್ದವೂ ಆಗುತ್ತಿರಲಿಲ್ಲ.

ಮಗಳಿಗೆ ರೈತನೊಬ್ಬನ ಮಗನ ಜೊತೆ ಮದುವೆ ಗೊತ್ತಾಗಿತ್ತು. ಬೀಗರ ಜಮೀನು ಅಡಿಲೇಡ್‌ನಿಂದ ಕಾರಿನಲ್ಲಿ ಒಂದೆರಡು ತಾಸು ದೂರ. ಅದಕ್ಕೆ ಅಂಟಿಕೊಂಡು ಗಮ್ ಮರಗಳ, ಅಂದರೆ ನೀಲಗಿರಿಯ ಕಾಡು. ಯಾವ ಕಾಲದಲ್ಲೋ ಯಾರದೋ ಫಾರ್ಮಿನಿಂದ ತಪ್ಪಿಸಿಕೊಂಡ ಟರ್ಕಿ ಕೋಳಿಗಳು ಆ ಕಾಡಿನಲ್ಲಿ ಪೂರ್ತಿ ಕಾಡುಹಕ್ಕಿಗಳೇ ಆಗಿ, ಬೀಗರ ಹೊಲದ ಮೊಳಕೆ ತಿಂದುಕೊಂಡು ಕೊಬ್ಬಿದ್ದವು. ಮೊದಲ ಸಲ ಊಟಕ್ಕೆ ಕರೆದಾಗ ಬೀಗರು ಆಂಟಿಗೆ ಹೇಳಿದ್ದರು, ‘ಅವನ್ನ ಹೊಡೆಯೋದು ಹೊಸಬರ ಕೆಲಸ ಅಲ್ಲ. ನೀವು ಕಣ್ಣು ಮಿಟುಕಿಸಿದರೂ ಅವಕ್ಕೆ ಕಾಣುತ್ತೆ. ನಾನೇ ಎಷ್ಟೋ ವಸಂತ ಬರಿಗೈಲಿ ಬಂದಿದ್ದೀನಿ.’

‘ನಾನು ತರ್ತೇನೆ’ ಅಂದರು ಆಂಟಿ.

ಬೀಗರು ನಕ್ಕರು. ಆ ನಗು ಆಂಟಿಯ ಮನಸ್ಸಲ್ಲಿ ಉಳಿಯಿತು.

ಅಷ್ಟು ಸಾಲದು ಅನ್ನುವಂತೆ ಮದುವೆ ಎಲ್ಲಿ ಅನ್ನುವ ಜಗಳವೂ ಶುರುವಾಯಿತು. ಆಂಟಿಗೆ ಚರ್ಚೇ ಆಗಬೇಕು. ಬೀಗರಿಗೆ ತಮ್ಮ ಜಮೀನಿನ ಮರದ ಕೆಳಗೇ ಆಗಬೇಕು. ಇಬ್ಬರೂ ಮಾತು ಬಿಟ್ಟರು. ಹೇಳುವುದೇನಿದ್ದರೂ ಆಂಟಿ ಮಗಳಿಗೆ ಹೇಳಬೇಕು, ಮಗಳು ಹುಡುಗನಿಗೆ, ಅವನು ಅವರಪ್ಪನಿಗೆ. ಹಾಗೇ ವಾಪಸ್. ಬೇಸತ್ತು ಹುಡುಗ ಹುಡುಗಿ ಇಬ್ಬರೂ ಮದುವೆಯೇ ಬೇಡ ಅನ್ನುವ ಮಾತಾಡತೊಡಗಿದ್ದರು ಎಂದು ಅಂಕಲ್ ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದರು.

ಆಂಟಿ ಮಾತ್ರ ತಯಾರಿ ನಡೆಸಿದರು. ಮರದ ಒಂದು ಪುಟ್ಟ ಡಬ್ಬಿ ತರಿಸಿದರು. ಮುಚ್ಚಳವನ್ನು ಅದರ ಅಂಚಿಗೆ ಉಜ್ಜಿದರೆ ಹೆಣ್ಣು ಟರ್ಕಿ ಕೂಗಿದ ಹಾಗೆ ಕಿರ್ ಎಂದು ಕೇಳುತ್ತಿತ್ತು. ವಸಂತದಲ್ಲಿ ಆ ಕೂಗಿಗೆ ಗಂಡು ಟರ್ಕಿ ಹುಡುಕಿಕೊಂಡು ಬರುತ್ತದಂತೆ. ಮನೆಯ ಬಟ್ಟೆ ಒಗೆಯುವ ಕೋಣೆ, ಲಾಂಡ್ರಿಯಲ್ಲಿ ನಿಂತು ದಿನವೂ ಅಭ್ಯಾಸ. ಅಂಕಲ್ ಒಂದು ದಿನ ಎಣ್ಣೆ ಡಬ್ಬಿ ಹಿಡಿದು ಬಂದು ಲಾಂಡ್ರಿ ಬಾಗಿಲಿನ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟು ಹೋದರು.

ಒಂಟಿಯಾಗಿ ಹೋಗಕೂಡದು ಎಂದು ಅಂಕಲ್ ಹಟ ಹಿಡಿದದ್ದಕ್ಕೆ ಆ ಸೆಪ್ಟೆಂಬರ್‌ನಲ್ಲಿ, ಇಲ್ಲಿ ವಸಂತ ಶುರುವಾಗುವ ಹೊತ್ತಿಗೆ, ನಾನು ಜೊತೆಯಾದೆ.

‘ಆಂಟಿ, ನಾನು ವೆಜಿಟೇರಿಯನ್ನು.’

‘ನಿನಗೆ ಯಾರು ತಿನ್ನು ಅಂದದ್ದು ಮಾರಾಯ? ಕಾರ್ ಬಿಡು, ಅಲ್ಲಾಡದೆ ಕೂತ್ಕೋ. ಸಾಕು.’

ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ನಾವು ಬೀಗರ ಕಾಡಿನೊಳಗೆ ಒಂದು ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದೆವು. ಶನಿವಾರ ಬರುತ್ತೇವೆ ಎಂದು ಆಂಟಿ ಮಗಳ ಮೂಲಕ ಬೀಗರಿಗೆ ಹೇಳಿ ಕಳಿಸಿದ್ದರು. ಇರುವೆಯೊಂದು ನನ್ನ ಕಾಲರಿನೊಳಗೆ ಇಳಿಯುತ್ತಿತ್ತು, ತೆಗೆಯುವ ಹಾಗಿಲ್ಲ. ಆಂಟಿ ಡಬ್ಬಿ ಉಜ್ಜಿದರು. ಕಾಡು ಸುಮ್ಮನಿತ್ತು. ಮತ್ತೆ ಉಜ್ಜಿದರು.

ದೂರದ ಪೊದೆಗಳ ಆಚೆಯಿಂದ ಉತ್ತರ ಬಂತು... ಗುಳುಗುಳು ಅಂತ ಗಂಡಿನ ಕೂಗು.

ಆಂಟಿ ನನ್ನ ತೊಡೆಯನ್ನು ಎಷ್ಟು ಜೋರಾಗಿ ಹಿಂಡಿದರೆಂದರೆ ಇರುವೆ ಮರೆತೇಹೋಯಿತು. ಅವರು ಕೂಗಿದರು, ಅದು ಉತ್ತರ ಕೊಟ್ಟಿತು. ಇವರು ನಾಚಿಕೊಂಡಂತೆ ಸಣ್ಣಗೆ ಉಜ್ಜಿದರೆ ಅದು ಇನ್ನೂ ಹತ್ತಿರದಿಂದ ಗುಳುಗುಟ್ಟಿತು. ಈ ಸರಸ ಬಹಳ ಹೊತ್ತು ನಡೆಯಿತು. ಕೊನೆಗೆ ಎದುರಿನ ಪೊದೆಯೇ ಅಲ್ಲಾಡಿತು. ಎಲೆಗಳ ಸಂದಿಯಲ್ಲಿ ಏನೋ ಕೆಂಪಗೆ ಕಂಡಿತು.

‘ಆಂಟಿ, ಕೆಂಪು. ಅದರ ಕತ್ತು’ ಅಂದೆ, ಉಸಿರಿನಲ್ಲೇ.

ಆಂಟಿ ಕೋವಿ ಎತ್ತಲಿಲ್ಲ. ‘ಪೂರ್ತಿ ಕಾಣಲಿ. ಕಾಣದೆ ಹೊಡೀಬಾರ್ದು.’

ಆಗ ಪೊದೆ ಸೀನಿತು.

ಟರ್ಕಿಗೂ ನೆಗಡಿ ಆಗುತ್ತದೆಯೇ ಎಂದು ನಾನು ಯೋಚಿಸುತ್ತಿದ್ದೆ. ಆಂಟಿ ಮಾತ್ರ ಅಷ್ಟು ವರ್ಷ ವಾರ್ಡಿನಲ್ಲಿ ಕಳೆದವರು. ಬಾಯಿ ತಾನಾಗಿ ಅಂದುಬಿಟ್ಟಿತು, ‘ಬ್ಲೆಸ್ ಯೂ.’

‘ಥ್ಯಾಂಕ್ಯೂ’ ಅಂದಿತು ಪೊದೆ.

ಆಂಟಿ ತಕ್ಷಣ ಕೋವಿಯ ನಳಿಗೆ ಮಡಚಿ ಗುಂಡು ತೆಗೆದರು. ಆ ಕಡೆಯಿಂದಲೂ ಅದೇ ಸದ್ದು ಕೇಳಿತು. ಬೀಗರು ಕೈ ಮೇಲೆತ್ತಿಕೊಂಡು ಹೊರಗೆ ಬಂದರು. ಬಿಸಿಲಿಗೆ ಸುಟ್ಟು ಕೆಂಪಗಾದ ಕತ್ತು, ವಸಂತದ ಹೂವಿನ ಧೂಳಿಗೆ ಸುರಿಯುತ್ತಿದ್ದ ಮೂಗು. ಹೆಣ್ಣಿನ ಕೂಗು ಕೇಳಿ, ಜೊತೆಗೊಂದು ಗಂಡು ಇದ್ದೇ ಇರುತ್ತದೆ, ಕೆಣಕಿದರೆ ಕಾದಾಡಲು ಬರುತ್ತದೆ ಎಂದು ಅವರು ಬಾಯಲ್ಲೇ ಗಂಡು ಟರ್ಕಿಯಂತೆ ಕೂಗುತ್ತಿದ್ದರು.

‘ಶನಿವಾರ ನನ್ನದು, ಬರೋದಿದ್ದರೆ ನೀವು ಭಾನುವಾರ ಬನ್ನಿ ಅಂತ ಹೇಳಿ ಕಳಿಸಿದ್ದೆ’ ಅಂದರು.

‘ನನಗೆ ಯಾರೂ ಹೇಳಲಿಲ್ಲ. ನಾವು ಬರ್ತೇವೆ ಅಂತ ನಿಮಗೂ ಹೇಳಲಿಲ್ಲವಾ?’

ಇಲ್ಲ ಅನ್ನುವಂತೆ ತಲೆಯಾಡಿಸಿದರು. ಸಂದೇಶ ಹೊತ್ತು ಸಾಕಾಗಿ ಮಕ್ಕಳಿಬ್ಬರೂ ಆ ವಾರ ಆ ಕೆಲಸವನ್ನೇ ನಿಲ್ಲಿಸಿದ್ದರೆಂದು ಆಮೇಲೆ ತಿಳಿಯಿತು.

ಆಂಟಿ ಬೀಗರನ್ನು ಬಿದ್ದ ಮರದ ಮೇಲೆ ಕೂರಿಸಿ, ನಾಡಿ ಹಿಡಿದು ನೋಡಿ, ಫ್ಲಾಸ್ಕಿನ ಚಹಾ ಕೊಟ್ಟರು. ‘ಪೂರ್ತಿ ಕಾಣಲಿ ಅಂತ ನೀವೂ ಕಾದಿರಲ್ಲ. ನನ್ನಪ್ಪ ಇದ್ದಿದ್ದರೆ ನಿಮ್ಮನ್ನು ಮೆಚ್ಚುತ್ತಿದ್ದರು’ ಅಂದರು. ಆಮೇಲೆ ಬುತ್ತಿ ಬಿಚ್ಚಿದರು, ಸಣ್ಣ ಇಡ್ಲಿಯಂಥ ಸನ್ನಾ ಮತ್ತು ಹಂದಿ ಬಫಾತ್. ಬೀಗರು ತಿಂದರು, ಕಣ್ಣಲ್ಲಿ ನೀರು ಬಂತು, ಮತ್ತೆ ಹಾಕಿಸಿಕೊಂಡರು. ಬೆಳಿಗ್ಗೆ ಚರ್ಚಿನಲ್ಲಿ ಮದುವೆ, ಮಧ್ಯಾಹ್ನ ಮರದ ಕೆಳಗೆ ಊಟ ಅನ್ನುವುದು ಆ ಬುತ್ತಿ ಮುಗಿಯುವಷ್ಟರಲ್ಲಿ ತೀರ್ಮಾನವಾಯಿತು. ಅಷ್ಟು ತಿಂಗಳು ಕಷ್ಟಪಟ್ಟ ಸಂಗತಿ ಇಷ್ಟೇ ಆಗಿತ್ತೇ ಎಂದು ಮೂವರಿಗೂ ಸ್ವಲ್ಪ ನಾಚಿಕೆಯಾಯಿತು.

ನಾನು ತಲೆ ಎತ್ತಿದಾಗ ಕಾಲುದಾರಿಯ ನಡುವೆ ನಿಜವಾದ ಗಂಡು ಟರ್ಕಿ ನಿಂತಿತ್ತು. ಎದೆಯ ಮೇಲೆ ಜೋತ ಕರಿ ಕುಚ್ಚು, ನೀಲಿ ಮುಖ. ನಮ್ಮ ಊಟ ನೋಡುತ್ತಿತ್ತು. ಎರಡೂ ಕೋವಿಗಳು ಹುಲ್ಲಿನ ಮೇಲೆ ಖಾಲಿ ಬಿದ್ದಿದ್ದವು. ಬೀಗರ ಚಮಚ ಕಿಣ್ ಅಂದದ್ದೇ ತಡ, ಅದು ಅಲ್ಲಿರಲಿಲ್ಲ.

‘ನಿಮ್ಮ ಚಮಚ’ ಅಂದರು ಆಂಟಿ.

‘ನಿಮ್ಮ ಮಸಾಲೆ’ ಅಂದರು ಬೀಗರು.

ಮದುವೆ ಚೆನ್ನಾಗಿ ನಡೆಯಿತು. ತಮ್ಮ ಹೆಂಡತಿ ಕಾಡಲ್ಲಿ ಕೂಗಿದ್ದಕ್ಕೆ ಬೀಗರು ಉತ್ತರ ಕೊಟ್ಟ ಕಥೆಯನ್ನು ಅಂಕಲ್ ಪ್ರತಿ ಮೇಜಿಗೂ ಹೋಗಿ ಹೇಳಿದರು. ಆಮೇಲೆ ಪ್ರತಿ ವಸಂತದಲ್ಲೂ ಆಂಟಿ ಮತ್ತು ಬೀಗರು ಜೊತೆಯಾಗಿಯೇ ಬೇಟೆಗೆ ಹೋದರು. ಒಂದನ್ನೂ ಹೊಡೆಯಲಿಲ್ಲ. ಒಂದು ಕ್ರಿಸ್ಮಸ್‌ಗೆ ಆಂಟಿ ಅಂಗಡಿಯ ಫ್ರೋಜನ್ ಟರ್ಕಿ ತಂದು ಸುಟ್ಟಾಗ, ಅದು ಕಾಡಿನದೇ ಎಂದು ಬೀಗರು ಬಂದವರ ಮುಂದೆಲ್ಲ ಆಣೆ ಮಾಡಿದರು.

ನಾನು ಪರ್ತ್‌ಗೆ ಬಂದ ಮೇಲೆ ಹೋಗಿಬರುವುದು ಕಡಿಮೆಯಾಯಿತು... ಆಂಟಿಗೆ ಕಾಯಿಲೆ ಅಂತ ತಿಳಿದು ವಿಮಾನ ಹತ್ತಿದೆ, ಆದರೆ ನಾನು ಮುಟ್ಟುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅಂತ್ಯಸಂಸ್ಕಾರದ ದಿನ ಚರ್ಚಿನ ಹಿಂದಿನ ಬೆಂಚಿನಲ್ಲಿ ಬೀಗರ ಪಕ್ಕ ಕೂತಿದ್ದೆ.

ಹೋದ ವಾರ ಗೋದಾಮಿನಿಂದ ಹೊರಗೆ ಬಂದು, ಕಾರಿನಲ್ಲಿ ಕೂತು ಬೀಗರಿಗೆ ಫೋನ್ ಮಾಡಿದೆ. ವಸಂತ ಶುರುವಾಗಿದೆ, ಈಗಲೂ ಬೇಟೆಗೆ ಹೋಗುತ್ತೀರಾ ಎಂದು ಕೇಳಿದೆ.

‘ಹೋಗ್ತೀನಿ’ ಅಂದರು. ‘ಮೊನ್ನೆ ಒಂದು ಹೊಡೆದೆ. ದೊಡ್ಡದು. ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. ತೋರಿಸೋಕೆ ಯಾರೂ ಇರಲಿಲ್ಲ.’