ಕೊನೆಯ ಅರ್ಧ ಡಿಗ್ರಿ

ಏಳು ತಿಂಗಳ ಬಸುರಿ, ಮಾರ್ಚ್ ಬಿಸಿಲು, ಗಜೇಂದ್ರಗಡದ ನಮ್ಮ ಕಾಲೇಜಿನ ಪ್ರಯೋಗಾಲಯ, ಫ್ಯಾನು ಬಂದ್. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡವಳು ನಾನು. ಅವತ್ತು ಅದು ಇನ್ನೊಂದು ಗೇಣು ಮುಂದಿತ್ತು. ಧಾರವಾಡದಿಂದ ಎರವಲು ತಂದಿದ್ದ ಉಪಕರಣ ಮರುದಿನ ಬೆಳಿಗ್ಗೆ ವಾಪಸ್ ಹೋಗಬೇಕು. ನನ್ನ ಪಿಎಚ್.ಡಿ.ಗೆ ಬೇಕಾದ ಕೊನೆಯ ಅರ್ಧ ಡಿಗ್ರಿಯ ಅಳತೆಯನ್ನು ಇನ್ನೊಮ್ಮೆ ತೆಗೆದು ಖಚಿತಪಡಿಸುವುದು ಮಾತ್ರ ಬಾಕಿ. ಅದು ಆಗದಿದ್ದರೆ ಮೂರು ವರ್ಷದ ದುಡಿಮೆ ನೀರಿನಲ್ಲಿ ಹೋಮ.

ನನ್ನ ವಿಷಯ ದ್ರವ ಸ್ಫಟಿಕ. ಅದು ನೀರಿನಂತೆ ಹರಿಯುತ್ತದೆ, ಆದರೆ ಒಳಗೆ ಕಡ್ಡಿಯಂಥ ಅಣುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ತಂಪು ಮಾಡಿದರೆ ಪದರು ಪದರಾಗಿ ಕೂರುತ್ತವೆ. ಮತ್ತೆ ಕಾಯಿಸಿದರೆ ಒಂದು ಹಂತದಲ್ಲಿ ಆ ಪದರುಗಳು ಕದಡಿಹೋಗುತ್ತವೆ. ಆ ಗಡಿಯ ಹತ್ತಿರ ಅದರ ನಡವಳಿಕೆಯೇ ಬೇರೆ. ಕೊಟ್ಟ ಶಾಖವನ್ನೆಲ್ಲ ನುಂಗಿಕೊಂಡು ಕೂರುತ್ತದೆ, ಉಷ್ಣತೆ ಏರಲೊಲ್ಲದು, ಮೀಟರಿನ ಕೊನೆಯ ಅಂಕಿ ನಿಲ್ಲಲೊಲ್ಲದು. ಒಂಚೂರು ಶಾಖ ಕೊಡಬೇಕು, ಅಂಕಿ ನಿಲ್ಲುವ ತನಕ ಕಾಯಬೇಕು, ಬರೆದುಕೊಳ್ಳಬೇಕು, ಮತ್ತೆ ಒಂಚೂರು ಕೊಡಬೇಕು. ಗಾಳಿ ಸೋಕಿತೋ, ಎಲ್ಲ ಮೊದಲಿನಿಂದ.

ಮರುದಿನ ನರಗುಂದದ ಗಂಡನ ಮನೆಯಲ್ಲಿ ನನ್ನ ಕುಬಸ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಕರೆದೊಯ್ಯಲು ಅತ್ತೆ ರೋಣದ ಮೇಲೆ ಹಾಯ್ದು ಬೆಳಗಿನ ಬಸ್ಸಿಗೇ ಬಂದಿಳಿದಿದ್ದರು. "ಕೆಲಸ ಮುಗಿಯೂತನಕ ಇಲ್ಲೇ ಕೂಡ್ತೀನಿ" ಎಂದು ಸ್ಟೂಲಿನ ಮೇಲೆ ಕೂತರು. ಬಸುರಿಗೆ ಗಳಿಗೆಗೊಮ್ಮೆ ಹೊರಗೆ ಹೋಗುವ ಪಾಡು ಬೇರೆ. ಹೋಗಿ ಬರುವಷ್ಟರಲ್ಲಿ ನೋಡುತ್ತೇನೆ, ಫ್ಯಾನು ಗರಗರ ತಿರುಗುತ್ತಿದೆ.

"ಎಷ್ಟ ಬೆವತೀಯವ್ವಾ! ಬರೂದ್ರಾಗ ತಂಪಾಗಿರಲಿ ಅಂತ ಹಚ್ಚೀನಿ."

ಮೀಟರಿನ ಅಂಕಿಗಳು ದಿಕ್ಕೆಟ್ಟು ಓಡುತ್ತಿದ್ದವು. "ಯಾರ ಹೇಳಿದ್ರು ನಿಮಗ ಹಚ್ಚಾಕ? ಎಲ್ಲಾ ಹಾಳ ಮಾಡಿದ್ರಿ! ಇದೇನ ನಿಮ್ಮ ಅಡಗಿಮನಿ ಅಂತ ತಿಳದೀರೇನು?" ಎಂದು ಕೂಗಾಡಿದೆ. ಮದುವೆಯಾದ ಮೇಲೆ ಒಂದು ಗಡಸು ಮಾತೂ ಆಡದ ಹೆಂಗಸು ಅವರು. ಫ್ಯಾನು ಆರಿಸಿ, ಮೀಟರಿನ ಹತ್ತಿರ ಬಂದರು.

"ಮತ್ತ ಮೊದಲಿನಿಂದ ಮಾಡಾಕ ಬರೂದಿಲ್ಲೇನು?" ಎಂದರು.

"ಬರ್ತೈತ್ರಿ. ಸಂಜಿತನಕ ಕೂಡಬೇಕು. ನನ್ನ ಕಾಲ ನೋಡ್ರಿ." ಕಾಲು ಬಾತು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಹೇಳುತ್ತ ಹೇಳುತ್ತ ಅಳು ಬಂತು.

"ಕಲಿಸಿ ಕೊಡ. ನಾ ಕೂಡ್ತೀನಿ."

ಅತ್ತೆ ಓದಿದ್ದು ನಾಲ್ಕನೇ ಇಯತ್ತೆ. ಬೇರೆ ದಾರಿ ಇರಲಿಲ್ಲ, ಕಲಿಸಿದೆ. ಕೊನೆಯ ಅಂಕಿ ಅಲುಗಾಡದೆ ನಿಂತ ಮೇಲೆ ಬರೆಯುವುದು, ಆಮೇಲೆ ಈ ತಿರುಪು ಒಂದು ಗೆರೆ ಮುಂದೆ. ಎರಡು ಬೆಂಚು ಜೋಡಿಸಿ ಅಡ್ಡಾದವಳಿಗೆ ಯಾವಾಗ ನಿದ್ದೆ ಹತ್ತಿತೋ ಗೊತ್ತಿಲ್ಲ. ಎದ್ದಾಗ ಕಿಟಕಿಯಲ್ಲಿ ಇಳಿಬಿಸಿಲು. ಅತ್ತೆ ಸೆರಗು ಬಿಗಿದುಕೊಂಡು ಮೀಟರನ್ನೇ ದಿಟ್ಟಿಸುತ್ತಿದ್ದರು. ಪುಸ್ತಕದ ತುಂಬ ದುಂಡಗಿನ ಕನ್ನಡ ಅಂಕಿಗಳು.

"ಭಾಳ ಹಟಮಾರಿ ಐತವ್ವಾ ಇದು. ಮೊದಮೊದಲ ಲಗೂ ನಿಲ್ತಿತ್ತು. ಈಗೀಗ ಒಂದೊಂದ ಅಂಕಿಗೆ ಮುಕ್ಕಾಲ ತಾಸ. ನಾನೂ ಬಿಡಲಿಲ್ಲ."

ಲೆಕ್ಕ ಹಾಕಿ ಗ್ರಾಫ್ ಬಿಡಿಸಿ ನೋಡಿದೆ. ಗಡಿಯ ಹತ್ತಿರ ರೇಖೆ ಇರಬೇಕಾದಂತೆ ಚೂಪಾಗಿ ಮೇಲೆದ್ದಿತ್ತು. ಅದೇ ವಸ್ತುವಿನ ಮೇಲೆ ಹಿಂದಿನ ತಿಂಗಳು ನಾನು ತೆಗೆದ ರೇಖೆ ಅಲ್ಲಿ ಮೊಂಡಾಗಿತ್ತು. ನಾನು ಹತ್ತು ನಿಮಿಷಕ್ಕೆ ಬೇಸತ್ತು, ನಿಂತಿತೆಂದು ಬರೆದುಕೊಂಡು ಮುಂದೆ ಹೋಗುತ್ತಿದ್ದೆ. ಅವರು ಅದು ಖರೇ ನಿಲ್ಲುವ ತನಕ ಕಾದಿದ್ದರು.

ಆ ಅಂಕಿಗಳನ್ನೆಲ್ಲ ಇಂಗ್ಲಿಷಿನಲ್ಲಿ ನಕಲು ಮಾಡಿಕೊಂಡು ಒಯ್ದೆ. ಮಾರ್ಗದರ್ಶಕರು ರೇಖೆ ನೋಡಿ ಹಿಗ್ಗಿದರು. "ಇಷ್ಟ ತಾಳ್ಮಿ ಎಲ್ಲಾರಿಗೂ ಬರೂದಿಲ್ಲ ನೋಡ್ರಿ" ಎಂದರು. "ಥ್ಯಾಂಕ್ಸ್ ಸರ್" ಎಂದೆ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಎಲ್ಲರೂ ಬರೆಯುವಂತೆ, ಸಹಕರಿಸಿದ ಮನೆಯವರಿಗೂ ಋಣಿ ಎಂದು ಒಂದು ಸಾಲು ಹಾಕಿದೆ.

ರಟ್ಟು ಕಟ್ಟಿಸಿದ ಪ್ರತಿಯನ್ನು ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡಿದರು. ಆ ಸಾಲಿನ ಅರ್ಥ ಕೇಳಿದರು. ಹೇಳಿದೆ. ಬೆರಳಿಟ್ಟು ಆ ಸಾಲನ್ನೊಮ್ಮೆ ಸವರಿ, "ಅಷ್ಟ ದೊಡ್ಡ ಪುಸ್ತಕದಾಗ ನನ್ನೂ ಹಿಡದ ಬರದೀಯಲ್ಲ ತಂಗಿ" ಎಂದು ಕಣ್ಣೊರೆಸಿಕೊಂಡರು.